ಪರದೇಶಿ ಎಂಬ ಮಾತಿಗೆ ಎರಡು ಅರ್ಥ

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದಿಂದ ಬಂದವನು ಎಂಬುದೊಂದು; ಹಿಂದುಮುಂದಿಲ್ಲದವನು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ತರಗತಿಯಲ್ಲಿ ಎಷ್ಟೋ ಸಲ ಈ ಅರ್ಥಗಳನ್ನು ಹೇಳಿದ್ದೇನೆ. ಎರಡೂ ಒಂದೇ ಮಾತಿನಲ್ಲಿ ಏಕೆ ಕೂಡಿಕೊಂಡವೆಂಬುದು ಮಾತ್ರ ಟಾಂಜಾನಿಯದಿಂದ ಓದಲು ಬಂದಿದ್ದ ಒಬ್ಬ ತರುಣನನ್ನು ಕಂಡ ಮೇಲೆಯೇ ನನಗೆ ಹೊಳೆದದ್ದು.

ಎರಡು ವರ್ಷಗಳ ಹಿಂದೆ, ಆಷಾಢದ ಒಂದು ಸಂಜೆ, ಗಾಂಧಿಬಜಾರಿನ ಹೂವಿನಂಗಡಿಗಳ ಮುಂದೆ ಆತನು ಎದುರಾದನು. ಕಾಲೇಜಿನಲ್ಲಿ ಮುಖಪರಿಚಯವಷ್ಟೇ ಇತ್ತು. ಕೈಯಲ್ಲೊಂದು ಚೀಟಿ; ಅದರಲ್ಲಿ ಏಳು ಮನೆಗಳ ವಿಳಾಸ; ಏಳಕ್ಕೂ ಅಡ್ಡಗೆರೆ. ಎಲ್ಲವೂ 'ಬಾಡಿಗೆಗಿದೆ' ಎಂದು ಹಲಗೆ ತೂಗುಹಾಕಿದ್ದ ಮನೆಗಳೇ. ಒಂದು ಕಡೆ ಕೋಣೆ ಈಗತಾನೆ ಹೋಯಿತೆಂದರು. ಇನ್ನೊಂದು ಕಡೆ ಮಾಂಸಾಹಾರಿಗಳಿಗೆ ಕೊಡುವುದಿಲ್ಲವೆಂದರು. ಮತ್ತೊಂದು ಮನೆಯ ಯಜಮಾನರು ಬಾಗಿಲನ್ನೇ ತೆರೆಯದೆ ಕಿಟಕಿಯಿಂದ ಕೈಯಾಡಿಸಿಬಿಟ್ಟರು. ನಾನು ಮರುಕದ ನಾಲ್ಕು ಮಾತನಾಡಿ, ಕಾಫಿ ಕುಡಿಸಿ ಅವನನ್ನು ಬೀಳ್ಕೊಟ್ಟೆನು. ನಮ್ಮ ಮನೆಯ ಮಹಡಿಯ ಕೋಣೆ ಮೂರು ತಿಂಗಳಿಂದ ಖಾಲಿಯಿದೆಯೆಂಬ ಸಂಗತಿಯನ್ನು ಮಾತ್ರ ಹೇಳಲಿಲ್ಲ.

ಹೊರದೇಶದ ವಿದ್ಯಾರ್ಥಿಗಳನ್ನು ನಮ್ಮ ಸರ್ಕಾರ ಆದರದಿಂದಲೇ ಕರೆಯುತ್ತದೆ. ಮೌಲಾನಾ ಅಬುಲ್ ಕಲಾಂ ಆಜಾದರು 1950ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಆಫ್ರಿಕ, ಏಷ್ಯ ಖಂಡಗಳ ತರುಣರಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಸ್ವಂತ ಖರ್ಚಿನಿಂದ ಬರುವವರು ಬೇರೆ. ಆದರೆ ವಿಮಾನದಿಂದಿಳಿದ ಮೇಲೆ ನೋಡಿ. ನೂರೆಂಬತ್ತು ದಿನಗಳಿಗಿಂತ ಹೆಚ್ಚಿನ ವೀಸಾ ಉಳ್ಳವನು ಹದಿನಾಲ್ಕು ದಿನಗಳೊಳಗೆ ನೋಂದಣಿ ಮಾಡಿಸಬೇಕು. ಅದಕ್ಕೆ ವಿಳಾಸದ ದಾಖಲೆ ಬೇಕು. ಮನೆಯಿಲ್ಲದೆ ವಿಳಾಸವಿಲ್ಲ, ವಿಳಾಸವಿಲ್ಲದೆ ನೋಂದಣಿಯಿಲ್ಲ! ಮನೆ ಕೊಟ್ಟವರು ಇಪ್ಪತ್ತನಾಲ್ಕು ಗಂಟೆಗಳೊಳಗೆ ಆ ಸಂಗತಿಯನ್ನು ತಿಳಿಸಬೇಕೆಂಬ ನಿಯಮವೂ ಉಂಟು. 'ಪೊಲೀಸಿನವರ ಗೊಡವೆ ನಮಗೇಕೆ?' ಎಂದು ಮನೆಯವರು ಹಿಂಜರಿಯುವುದು ಇಲ್ಲಿಯೇ. ಈ ಕೆಲಸವೆಲ್ಲ ಈಗ ಕುಳಿತಲ್ಲಿಂದಲೇ ಅಂತರಜಾಲದಲ್ಲಿ ಮುಗಿಯುತ್ತದೆಂಬುದು ಬಹುಮಂದಿಗೆ ತಿಳಿಯದು.

ಹಿಂಜರಿಕೆಗೆ ಕಾಗದಪತ್ರವೊಂದೇ ಕಾರಣವೆಂದು ಹೇಳಿದರೆ ಆತ್ಮವಂಚನೆಯಾದೀತು. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಒಬ್ಬ ಹೆಂಗಸು ಮೃತಳಾದಳು. ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಕಾರಿನಲ್ಲಿ ಅಲ್ಲಿಗೆ ಬಂದ ಟಾಂಜಾನಿಯದ ವಿದ್ಯಾರ್ಥಿಗಳ ಮೇಲೆ ಗುಂಪು ಬಿದ್ದಿತು, ಕಾರನ್ನು ಸುಟ್ಟಿತು, ಒಬ್ಬ ತರುಣಿಯನ್ನು ಹೊಡೆದು ಅವಮಾನಿಸಿತು. ಆ ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ, ದೇಶವೂ ಬೇರೆ. ಬಣ್ಣವೊಂದೇ ಸಾಕಾಯಿತು.

ಇದೇ ಊರಿಗೆ ಇನ್ನೊಂದು ನೆನಪೂ ಇದೆ. ಬಸವನಗುಡಿ, ಚಾಮರಾಜಪೇಟೆಗಳ ಹಿರಿಯರನ್ನು ಕೇಳಿದರೆ ವಾರಾನ್ನದ ಕಥೆ ಹೇಳುತ್ತಾರೆ. ಹಳ್ಳಿಯಿಂದ ಬಂದ ಬಡಹುಡುಗ ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದನು. (ಆ ಎಲೆಯೂ ಜಾತಿ ನೋಡಿಯೇ ಬೀಳುತ್ತಿತ್ತು; ಜಾತಿಗೊಂದು ವಿದ್ಯಾರ್ಥಿನಿಲಯ ಏಳಲು ಅದೂ ಒಂದು ಕಾರಣ.) 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಕಾಲ್ನಡಿಗೆಯಲ್ಲಿ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಎಚ್. ನರಸಿಂಹಯ್ಯನವರು ಮುಂದೆ ತಾವೇ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರದೇಶಿ ವಿದ್ಯಾರ್ಥಿಯಾಗಿದ್ದು, 1960ರಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಅವರು 2005ರಲ್ಲಿ ತೀರಿಕೊಳ್ಳುವವರೆಗೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯನ್ನೇ ಮನೆಯಾಗಿ ಮಾಡಿಕೊಂಡಿದ್ದರು.

ಪರಸ್ಥಳದ ವಿದ್ಯಾರ್ಥಿಯ ಒಂಟಿತನ ನಮ್ಮ ಊರಿನದು ಮಾತ್ರವಲ್ಲ. 1909ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಹ್ಯಾರಿ ಎಡ್ಮಂಡ್ಸ್ ಎಂಬುವರು ಎದುರಿಗೆ ಬಂದ ಚೀನೀ ವಿದ್ಯಾರ್ಥಿಯೊಬ್ಬನಿಗೆ ಸುಮ್ಮನೆ ನಮಸ್ಕಾರ ಹೇಳಿ ಮುಂದೆ ನಡೆದರಂತೆ. ಆತನು ಅಲ್ಲಿಯೇ ನಿಂತುಬಿಟ್ಟನು. ಮೂರು ವಾರಗಳಿಂದ ಆ ಊರಿನಲ್ಲಿದ್ದ ಅವನನ್ನು ಮಾತನಾಡಿಸಿದವರಲ್ಲಿ ಅವರೇ ಮೊದಲಿಗರು! ಎಡ್ಮಂಡ್ಸ್ ದಂಪತಿಗಳು ಇಂಥವರನ್ನು ಭಾನುವಾರದ ಊಟಕ್ಕೆ ಕರೆಯತೊಡಗಿದರು. ಅದು ಬೆಳೆದು, ರಾಕ್‌ಫೆಲರರ ನೆರವಿನಿಂದ 1924ರಲ್ಲಿ 'ಇಂಟರ್‌ನ್ಯಾಷನಲ್ ಹೌಸ್' ಎಂಬ ದೊಡ್ಡ ವಿದ್ಯಾರ್ಥಿನಿಲಯವೇ ಆಯಿತು.

ಆ ಸಂಜೆ ನಾನು ಮನೆಗೆ ಬಂದು ತಾಯಿಯವರಿಗೆ ಚೀಟಿಯ ಕಥೆ ಹೇಳಿದೆನು. ಅವರು ಕೋಲಾರದ ಕಡೆಯವರು, ಮಾತು ನೇರ.

"ಹಾಗಾದರೆ ಆ ಹುಡುಗ ಈ ರಾತ್ರಿ ಎಲ್ಲಿ ಮಲಗ್ತಾನೆ?"

ನನ್ನಲ್ಲಿ ಉತ್ತರವಿರಲಿಲ್ಲ.

"ಮೇಲಿನ ಕೋಣೆ ಇಲಿ ಓಡಾಡಲಿ ಅಂತ ಇಟ್ಟಿದ್ದೀಯೇನೋ?"

ಅಕ್ಕಪಕ್ಕದವರು ಏನೆಂದಾರು ಎಂದು ನಾನು ರಾಗ ತೆಗೆದೆನು. "ನಿನ್ನ ತಮ್ಮನಿಗೆ ಜರ್ಮನಿಯಲ್ಲಿ ಕೋಣೆ ಕೊಟ್ಟರಲ್ಲ, ಅವರ ಅಕ್ಕಪಕ್ಕದವರು ಏನಂದರೋ ಕೇಳಿದ್ದೀಯಾ?" ಎಂದು ಅವರು ಒಳಕ್ಕೆ ಹೋದರು.

ಆತನು ಮರುದಿನವೇ ಬಂದನು. ರಾತ್ರಿ ರಾಗಿಮುದ್ದೆ, ಸೊಪ್ಪಿನ ಸಾರು. ಚಮಚ ಕೊಡಬೇಕೇ ಎಂದು ನಾನು ತಡವರಿಸುತ್ತಿರುವಾಗಲೇ ಆತನು ಮುದ್ದೆಯನ್ನು ಮುರಿದು, ಬೆರಳಿನಲ್ಲಿ ಉಂಡೆಮಾಡಿ, ಹೆಬ್ಬೆರಳಿನಿಂದ ಗುಳಿಯೊತ್ತಿ ಸಾರಿನಲ್ಲಿ ಅದ್ದಿದನು. ಅವರ ಊರಿನಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗೆ 'ಉಗಾಲಿ' ಎನ್ನುತ್ತಾರೆ. ರಾಗಿಯೂ ಅವರಿಗೆ ಹೊಸತಲ್ಲ. ಅದಕ್ಕೆ 'ಉಲೇಜಿ' ಎಂದು ಹೆಸರು, ಅದರ ಗಂಜಿಗೆ 'ಉಜಿ'. ಸಸ್ಯಶಾಸ್ತ್ರಜ್ಞರ ಪ್ರಕಾರ ರಾಗಿಯ ಹುಟ್ಟೂರೇ ಪೂರ್ವ ಆಫ್ರಿಕದ ಎತ್ತರದ ನಾಡು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದಿತು. ಒಂದೇ ತಪ್ಪು: ಆತನು ಮುದ್ದೆಯನ್ನು ಅಗಿದನು. "ನುಂಗಬೇಕಪ್ಪ, ಅಗೀಬಾರದು" ಎಂದು ತಾಯಿಯವರು ನಕ್ಕರು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ವಿಚಾರಣೆಗೆ ಪೊಲೀಸಿನವರು ಬಂದ ದಿನ ಬೀದಿಯ ಕಿಟಕಿಗಳೆಲ್ಲ ತೆರೆದವು. ಒಮ್ಮೆ ಆತನು ಮಧ್ಯರಾತ್ರಿಯವರೆಗೆ ಹಾಡು ಹಾಕಿ ತಾಯಿಯವರಿಂದ ಚೆನ್ನಾಗಿ ಬೈಸಿಕೊಂಡನು. ತರಕಾರಿಯವಳ ಹತ್ತಿರ ಚೌಕಾಸಿ ಮಾಡುವಷ್ಟು ಕನ್ನಡ ಕಲಿತನು. ನನಗೆ ಕೊಡದ ಬೆಲೆಗೆ ಆಕೆ ಅವನಿಗೆ ಅವರೆಕಾಯಿ ಕೊಡುತ್ತಾಳೆ.

ಹೋದ ವಾರ, ಆ ಚೀಟಿಯಲ್ಲಿ ಗೆರೆ ಎಳೆಸಿಕೊಂಡಿದ್ದ ಮನೆಗಳಲ್ಲಿ ಒಂದರ ಯಜಮಾನರು ನನ್ನನ್ನು ದಾರಿಯಲ್ಲಿ ನಿಲ್ಲಿಸಿದರು. ಅದು ಇದು ಮಾತನಾಡಿ, ಕೊನೆಗೆ ಸ್ವರ ತಗ್ಗಿಸಿ, "ಮೇಷ್ಟ್ರೇ, ಆ ನೋಂದಣಿ ಕೆಲಸ ಬಹಳ ತೊಡಕೇನು?" ಎಂದು ಕೇಳಿದರು. ಭಾನುವಾರ ಬೆಳಿಗ್ಗೆ ಬಂದು ತೋರಿಸಿಕೊಡುತ್ತೇನೆಂದು ಹೇಳಿದ್ದೇನೆ.