ರೊಟ್ಟಿ ಆಹಾರವಾದ ಬಗೆ: ಬೈಬಲ್ ಓದಿನಲ್ಲಿ ತರ್ಕದ ಪಾತ್ರ

ಕಳಸದಿಂದ ಭದ್ರಾ ನದಿ ದಾಟಿ ಕಾಫಿ, ಅಡಿಕೆ ತೋಟಗಳ ನಡುವೆ ಸಾಗಿದರೆ ಹೊರನಾಡು ಸಿಗುತ್ತದೆ. ಅಲ್ಲಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬಂದವರು ಊಟ ಮಾಡದೆ ಹಿಂದಿರುಗುವುದಿಲ್ಲ. ಅಲ್ಲಿ ಪ್ರಸಾದವೆಂದರೆ ಊಟವೇ. ದೇವಿಯ ಹೆಸರಿನಲ್ಲಿರುವ 'ಅನ್ನ' ಎಂದರೆ ಬೇಯಿಸಿದ ಅಕ್ಕಿ ಮಾತ್ರವಲ್ಲ, ಜೀವ ಉಳಿಸುವ ಆಹಾರವೆಲ್ಲವೂ ಅನ್ನವೇ ಎಂಬುದನ್ನು ಮಲೆನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಮಲೆಸಾಲಿನ ಕಾಫಿ ಸೀಮೆಯಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತ ಕುಟುಂಬಗಳೂ ಇವೆ. ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾದದ್ದು 1963ರಲ್ಲಿ. ಈ ಮನೆಗಳಲ್ಲಿ ದಿನವೂ ಹೇಳುವ ಪ್ರಾರ್ಥನೆಯೊಂದಿದೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದನೆಂದು ಸುವಾರ್ತೆಗಳು ಹೇಳುವ ಆ ಪ್ರಾರ್ಥನೆಯ ನಡುವೆ ಅಂದಂದಿನ ಊಟಕ್ಕಾಗಿ ಬೇಡಿಕೆ ಬರುತ್ತದೆ. ಗ್ರೀಕ್ ಮೂಲದಲ್ಲಿ ಅಲ್ಲಿರುವುದು 'ಆರ್ಟೋಸ್', ಅಂದರೆ ರೊಟ್ಟಿ. ಕನ್ನಡದಲ್ಲಿ ಹೇಳುವವರು 'ಆಹಾರ' ಎನ್ನುತ್ತಾರೆ. ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಅದು 'ಗ್ರಾಸ್', ಅಂದರೆ ತುತ್ತು.

ಹಾಗಾದರೆ ದೇವರ ವಾಕ್ಯವೆಂದು ನಂಬುವ ಗ್ರಂಥದ ಪದವನ್ನೇ ಬದಲಿಸಿದಂತಾಯಿತೇ? ಅಥವಾ ಪದವನ್ನು ಬಿಟ್ಟದ್ದರಿಂದಲೇ ಅರ್ಥ ಉಳಿಯಿತೇ? ಈ ಸಣ್ಣ ಪ್ರಶ್ನೆಯ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ಧರ್ಮಗ್ರಂಥವನ್ನು ಓದುವಾಗ ತರ್ಕಕ್ಕೆ ಎಷ್ಟು ಜಾಗ?

ಒಂದು ಪದ, ಹಲವು ಲೆಕ್ಕಾಚಾರ

ಕನ್ನಡಕ್ಕೆ ಬೈಬಲ್ ಬಂದದ್ದು ಬಹಳ ಹಿಂದೇನಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಇಡೀ ಗ್ರಂಥ ಕನ್ನಡದಲ್ಲಿ ಸಿದ್ಧವಾಯಿತು. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನ ಪಂಡಿತರು ಮುಂದೆ ಅದನ್ನು ತಿದ್ದುವ ಕೆಲಸದಲ್ಲಿ ತೊಡಗಿದರು. ಅನುವಾದವೆಂದರೆ ಪದಕ್ಕೆ ಪದ ಜೋಡಿಸುವುದಲ್ಲ. ಪ್ರತಿಯೊಂದು ಪದದ ಮುಂದೆಯೂ ನಿಂತು, ಇಲ್ಲಿ ಹೇಳಹೊರಟಿರುವುದೇನು ಎಂದು ತರ್ಕಿಸಬೇಕಾಗುತ್ತದೆ.

ಕನ್ನಡ ಬೈಬಲ್ಲನ್ನು ಗಮನಿಸಿದರೆ ಈ ತರ್ಕದ ಜಾಡು ಕಾಣುತ್ತದೆ. ಪ್ರಾರ್ಥನೆಯಲ್ಲಿ 'ಆಹಾರ'ವಾದ ಅದೇ ಗ್ರೀಕ್ ಪದ, ಯೇಸು ಐದು ರೊಟ್ಟಿಗಳಿಂದ ಜನಸಮೂಹಕ್ಕೆ ಊಟವಿಕ್ಕಿದ ಪ್ರಸಂಗದಲ್ಲಿ 'ರೊಟ್ಟಿ'ಯಾಗಿಯೇ ಉಳಿದಿದೆ. ಕಾರಣ ಸ್ಪಷ್ಟ. ಅಲ್ಲಿ ರೊಟ್ಟಿಗಳಿಗೆ ಎಣಿಕೆಯಿದೆ, ಅವನ್ನು ಮುರಿದು ಹಂಚುವ ಕ್ರಿಯೆಯಿದೆ. ಐದು ಆಹಾರ ಎಂದರೆ ಮಾತು ಕೆಡುತ್ತದೆ. ಪ್ರಾರ್ಥನೆಯಲ್ಲಾದರೋ ಬೇಡುವುದು ಬದುಕುಳಿಯಲು ಬೇಕಾದದ್ದನ್ನು. ಗಂಜಿ ಉಣ್ಣುವ ನಾಡಿನಲ್ಲಿ ದಿನವೂ ರೊಟ್ಟಿಯನ್ನೇ ಕೊಡು ಎಂದರೆ ಪದ ಉಳಿದು ಬೇಡಿಕೆ ಕಳೆದುಹೋಗುತ್ತಿತ್ತು.

ಆ ರೊಟ್ಟಿಗೆ ಅಂಟಿಕೊಂಡಿರುವ ವಿಶೇಷಣ ಇನ್ನೂ ಕಠಿಣವಾದದ್ದು. ಗ್ರೀಕ್‌ನಲ್ಲಿ ಅದು 'ಎಪಿಯೂಸಿಯೋಸ್'. ಈ ಪದ ಗ್ರೀಕರ ಬಳಕೆಯಲ್ಲಿ ಇರಲಿಲ್ಲ, ಸುವಾರ್ತೆ ಬರೆದವರೇ ಇದನ್ನು ಹುಟ್ಟಿಸಿದಂತೆ ತೋರುತ್ತದೆ ಎಂದು 3ನೇ ಶತಮಾನದ ಪಂಡಿತ ಒರಿಜೆನ್ ಆಗಲೇ ಬರೆದಿದ್ದ. ದಿನನಿತ್ಯದ ಎನ್ನಬಹುದು, ನಾಳಿನ ಎನ್ನಬಹುದು, ಬದುಕಿಗೆ ಅವಶ್ಯವಾದ ಎನ್ನಬಹುದು. ಲ್ಯಾಟಿನ್ ಬೈಬಲ್ ಸಿದ್ಧಪಡಿಸಿದ ಸಂತ ಜೆರೋಮ್ ಇದನ್ನು ಲೂಕನ ಸುವಾರ್ತೆಯಲ್ಲಿ 'ದಿನನಿತ್ಯದ' ಎಂದೂ ಮತ್ತಾಯನ ಸುವಾರ್ತೆಯಲ್ಲಿ 'ಭೌತವಸ್ತುವನ್ನು ಮೀರಿದ' ಎಂಬರ್ಥದಲ್ಲೂ ಅನುವಾದಿಸಿದ. ಒಂದೇ ಪದ, ಒಬ್ಬನೇ ಅನುವಾದಕ, ಎರಡು ಅರ್ಥ. ಒಂದು ಹೊಟ್ಟೆಯ ಹಸಿವಿನ ಕಡೆಗೆ, ಇನ್ನೊಂದು ಆತ್ಮದ ಹಸಿವಿನ ಕಡೆಗೆ.

ಶೃಂಗೇರಿಯ ದಾರಿಯಲ್ಲಿ ಸಿಗುವ ಕೀಲಿ

ಇಂಥ ಸಂದಿಗ್ಧ ಪದವನ್ನು ಬಿಡಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಶಾಸ್ತ್ರವೊಂದು ಹೊರನಾಡಿಗೆ ಹತ್ತಿರದಲ್ಲೇ ಇರುವ ಶೃಂಗೇರಿಯಂಥ ವಿದ್ಯಾಪೀಠಗಳಲ್ಲಿ ಶತಮಾನಗಳಿಂದ ಅಭ್ಯಾಸದಲ್ಲಿದೆ. ಅದು ಮೀಮಾಂಸೆ. ವೇದವಾಕ್ಯಗಳ ಅರ್ಥನಿರ್ಣಯಕ್ಕೆ ಜೈಮಿನಿ ಹಾಕಿಕೊಟ್ಟ ನಿಯಮಗಳನ್ನು 14ನೇ ಶತಮಾನದಲ್ಲಿ, ವಿಜಯನಗರದ ಬುಕ್ಕರಾಯನ ಕಾಲದಲ್ಲಿ, ಮಾಧವಾಚಾರ್ಯರು 'ಜೈಮಿನೀಯ ನ್ಯಾಯಮಾಲಾ' ಎಂಬ ಗ್ರಂಥದಲ್ಲಿ ಅಡಕವಾಗಿ ಹೇಳಿದರು. ಶೃಂಗೇರಿಯ ಪರಂಪರೆ ಇವರನ್ನು ಪೀಠದ ವಿದ್ಯಾರಣ್ಯರೆಂದೇ ಗುರುತಿಸುತ್ತದೆ.

ಮೀಮಾಂಸಕರು ಕೊಡುವ ಒಂದು ಪ್ರಸಿದ್ಧ ಉದಾಹರಣೆಯಿದೆ. ಯಜ್ಞದಲ್ಲಿ ಲೇಪಿಸಿದ ಹರಳುಗಲ್ಲುಗಳನ್ನು ಇಡಬೇಕೆಂದು ವೇದ ವಿಧಿಸುತ್ತದೆ. ಯಾವುದರಿಂದ ಲೇಪಿಸಬೇಕು? ಎಣ್ಣೆಯೇ, ತುಪ್ಪವೇ? ವಿಧಿವಾಕ್ಯದಲ್ಲಿ ಉತ್ತರವಿಲ್ಲ. ಆದರೆ ಅದರ ಬೆನ್ನಿಗೇ ಬರುವ ಮಾತು ತುಪ್ಪವನ್ನು ತೇಜಸ್ಸೆಂದು ಹೊಗಳುತ್ತದೆ. ಆದ್ದರಿಂದ ಲೇಪನ ತುಪ್ಪದ್ದೇ ಎಂದು ನಿರ್ಣಯ. ಸಂದೇಹ ಬಂದಾಗ ಉಳಿದ ವಾಕ್ಯದಿಂದ ತಿಳಿ ಎಂಬ ಈ ನಿಯಮಕ್ಕೆ 'ವಾಕ್ಯಶೇಷ' ನ್ಯಾಯವೆಂದು ಹೆಸರು.

ಈ ಕೀಲಿಯನ್ನು ಪ್ರಾರ್ಥನೆಯ ರೊಟ್ಟಿಗೆ ಹಾಕಿ ನೋಡಬಹುದು. ಮತ್ತಾಯನ ಸುವಾರ್ತೆಯಲ್ಲಿ ಆ ಪ್ರಾರ್ಥನೆ ಬರುವ 6ನೇ ಅಧ್ಯಾಯದಲ್ಲೇ ಮುಂದೆ ಊಟ, ಬಟ್ಟೆಗಳಿಗಾಗಿ ಚಿಂತಿಸಬೇಡಿ, ನಾಳಿನ ಚಿಂತೆಯನ್ನು ನಾಳೆಗೆ ಬಿಡಿ ಎಂಬ ಉಪದೇಶವಿದೆ. ಹಳೆಯ ಒಡಂಬಡಿಕೆಯ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ, ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರಾಯೇಲರಿಗೆ 'ಮನ್ನ'ವೆಂಬ ಆಹಾರ ಸಿಕ್ಕ ಕಥೆಯಿದೆ. ಅಂದಂದಿಗೆ ಬೇಕಾದಷ್ಟನ್ನು ಮಾತ್ರ ಕೂಡಿಸಿಕೊಳ್ಳಬೇಕಿತ್ತು, ಮರುದಿನಕ್ಕೆಂದು ಇಟ್ಟುಕೊಂಡದ್ದು ಹುಳ ಬಿದ್ದು ಕೆಟ್ಟಿತು. ಮುಂದಿನ ಮಾತೂ ಹಿಂದಿನ ಕಥೆಯೂ ಒಂದೇ ಕಡೆಗೆ ಕೈ ತೋರುತ್ತವೆ: ಕೇಳುತ್ತಿರುವುದು ಕಣಜವನ್ನಲ್ಲ, ಇಂದಿನ ಊಟವನ್ನು. ಕನ್ನಡದ ಅನುವಾದ ಪದವನ್ನು ಸಡಿಲಿಸಿ ಅರ್ಥವನ್ನು ಬಿಗಿಹಿಡಿದದ್ದು ಹೀಗೆ. ಜೆರೋಮನ ಎರಡನೆಯ ಅರ್ಥ ಇದರಿಂದ ಸುಳ್ಳಾಗುವುದಿಲ್ಲ. ತರ್ಕವು ಅರ್ಥಗಳ ಸಾಲನ್ನು ಕಿರಿದಾಗಿಸುತ್ತದೆ, ಯಾವಾಗಲೂ ಒಂದಕ್ಕೇ ಇಳಿಸುವುದಿಲ್ಲ.

ಗುಂಡಿಗೆ ಬಿದ್ದ ಕುರಿ

ತರ್ಕವು ಬೈಬಲ್ಲಿಗೆ ಹೊರಗಿನಿಂದ ತಂದು ಹಚ್ಚಿದ ಸಾಧನವೇನೂ ಅಲ್ಲ. ಸುವಾರ್ತೆಗಳಲ್ಲಿ ಯೇಸುವೇ ತರ್ಕಿಸುತ್ತಾನೆ. ಸಬ್ಬತ್ ದಿನ ಕೆಲಸ ಮಾಡಕೂಡದೆಂಬುದು ಯೆಹೂದ್ಯರ ಕಟ್ಟಳೆ. ಆ ದಿನ ರೋಗಿಯನ್ನು ಗುಣಪಡಿಸುವುದು ಸರಿಯೇ ಎಂದು ಕೇಳಿದವರಿಗೆ ಅವನು ಮರುಪ್ರಶ್ನೆ ಹಾಕುತ್ತಾನೆ: ಅದೇ ದಿನ ನಿಮ್ಮ ಕುರಿ ಗುಂಡಿಗೆ ಬಿದ್ದರೆ ಎತ್ತುವುದಿಲ್ಲವೇ? ಕುರಿಗೇ ಹಾಗಾದರೆ ಮನುಷ್ಯನ ವಿಷಯದಲ್ಲಿ ಹೇಳುವುದೇನಿದೆ?

ಸಂಸ್ಕೃತ ಬಲ್ಲವರಿಗೆ ಇದು ಒಡನೆಯೇ ಗುರುತು ಸಿಗುತ್ತದೆ. ಚಿಕ್ಕದಕ್ಕೇ ಒಪ್ಪುವುದಾದರೆ ದೊಡ್ಡದಕ್ಕೆ ಹೇಳಬೇಕೆ ಎಂಬ 'ಕೈಮುತಿಕ ನ್ಯಾಯ'ವಿದು. ಯೆಹೂದಿ ಗುರು ಹಿಲ್ಲೆಲ್‌ನ ಹೆಸರಿನಲ್ಲಿ ಬಂದಿರುವ 7 ವ್ಯಾಖ್ಯಾನ ಸೂತ್ರಗಳಲ್ಲಿ ಮೊದಲನೆಯದೂ ಇದೇ. ಹೀಬ್ರೂವಿನಲ್ಲಿ ಅದನ್ನು 'ಕಲ್ ವಾಹೋಮೆರ್', ಅಂದರೆ ಹಗುರ ಮತ್ತು ಭಾರ, ಎನ್ನುತ್ತಾರೆ. ಇಲ್ಲಿ ಕಟ್ಟಳೆಯನ್ನು ಕಿತ್ತೆಸೆದಿಲ್ಲ. ಅದರ ಉದ್ದೇಶವೇನೆಂದು ಕೇಳಿ, ಉದ್ದೇಶಕ್ಕೆ ತಕ್ಕಂತೆ ಓದಲಾಗಿದೆ.

ಮುಂದಿನ ಶತಮಾನಗಳಲ್ಲಿ ಕ್ರೈಸ್ತ ಪಂಡಿತರು ಇದೇ ದಾರಿಯಲ್ಲಿ ನಡೆದರು. ಆದಿಕಾಂಡದಲ್ಲಿ ಸೂರ್ಯ ಸೃಷ್ಟಿಯಾಗುವುದು ನಾಲ್ಕನೆಯ ದಿನ. ಹಾಗಿದ್ದಮೇಲೆ ಮೊದಲ ಮೂರು ದಿನಗಳ ಬೆಳಗು ಬೈಗು ಹೇಗಾದವು ಎಂದು ಒರಿಜೆನ್ ಕೇಳಿದ. ಅಕ್ಷರಾರ್ಥ ಅಸಾಧ್ಯವಾದ ಕಡೆ ಗ್ರಂಥವು ಗೂಢಾರ್ಥವನ್ನು ಸೂಚಿಸುತ್ತಿದೆ ಎಂಬುದು ಅವನ ತೀರ್ಮಾನ. 5ನೇ ಶತಮಾನದ ಆರಂಭದಲ್ಲಿ ಸಂತ ಅಗಸ್ಟಿನ್ ಆದಿಕಾಂಡದ ವ್ಯಾಖ್ಯಾನದಲ್ಲಿ ಮತ್ತೊಂದು ಎಚ್ಚರಿಕೆ ಕೊಟ್ಟ. ಆಕಾಶ, ಭೂಮಿಗಳ ಬಗ್ಗೆ ಪ್ರಮಾಣಸಿದ್ಧವಾದ ತಿಳಿವಳಿಕೆಗೆ ವಿರುದ್ಧವಾಗಿ ಗ್ರಂಥವನ್ನು ಅರ್ಥೈಸಿದರೆ ನಗೆಗೀಡಾಗುವುದು ಗ್ರಂಥವೇ, ಆದ್ದರಿಂದ ಮೊದಲು ತನ್ನ ಓದನ್ನು ಸಂದೇಹಿಸು ಎಂಬುದು ಅದರ ಸಾರ.

ಈ ಎಚ್ಚರಿಕೆಯನ್ನು ಮರೆತದ್ದಕ್ಕೆ ಬೆಲೆ ತೆತ್ತವನು ಗೆಲಿಲಿಯೊ. ಯೆಹೋಶುವನ ಗ್ರಂಥದಲ್ಲಿ ಸೂರ್ಯ ನಿಂತನೆಂದಿದೆ, ಆದ್ದರಿಂದ ಚಲಿಸುವುದು ಸೂರ್ಯನೇ ಎಂದು ವಾದಿಸಿದವರಿಗೆ ಅವನು 1615ರಲ್ಲಿ ಬರೆದ ದೀರ್ಘ ಪತ್ರದಲ್ಲಿ ಅಗಸ್ಟಿನನ ಮಾತನ್ನೇ ಆಧಾರವಾಗಿ ಕೊಟ್ಟ. ಆದರೂ 1633ರಲ್ಲಿ ಅವನಿಗೆ ಶಿಕ್ಷೆಯಾಯಿತು. ಅವನನ್ನು ವಿಚಾರಿಸಿದ ದೇವಶಾಸ್ತ್ರಜ್ಞರು ತಪ್ಪಿದ್ದರೆಂದು ಪೋಪ್ ಎರಡನೆಯ ಜಾನ್ ಪಾಲ್ ಬಹಿರಂಗವಾಗಿ ಒಪ್ಪಿಕೊಂಡದ್ದು 1992ರಲ್ಲಿ. ಅದಕ್ಕೂ ಮುನ್ನ, 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಬೈಬಲ್ಲಿನ ಯಾವ ಭಾಗ ಕಾವ್ಯ, ಯಾವುದು ಚರಿತ್ರೆ, ಯಾವುದು ಪ್ರವಾದನೆ ಎಂಬುದನ್ನು ಅರಿತು ಓದಬೇಕೆಂದು ಹೇಳಿತ್ತು.

ಕಾರ್ಕಳದಿಂದ ಬಂದ ಪ್ರಶ್ನೆ

ಸೂರ್ಯ ನಿಂತನೋ ಭೂಮಿ ನಿಂತಿತೋ ಎಂಬುದಕ್ಕಿಂತ ಕರ್ನಾಟಕದ ಕ್ರೈಸ್ತನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆಯಿದೆ. ಪಕ್ಕದ ಮನೆಯವರು ಹಿಂದೂಗಳು, ಜೈನರು, ಮುಸಲ್ಮಾನರು. ತನ್ನ ಗ್ರಂಥ ಅವರ ಬಗ್ಗೆ ಏನು ಹೇಳುತ್ತದೆ?

ಕಳಸದಿಂದ ಕುದುರೆಮುಖದ ಘಾಟಿ ಇಳಿದರೆ ಕಾರ್ಕಳ. ಒಂದು ಕಾಲದಲ್ಲಿ ಎರಡನ್ನೂ ಆಳಿದವರು ಭೈರರಸರು. ಜೈನ ಅರಸರು 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಆ ಊರಿನಲ್ಲಿ 1920ರಲ್ಲಿ ಹುಟ್ಟಿದವರು ಸ್ಟ್ಯಾನ್ಲಿ ಸಮರ್ಥ. ಮಂಗಳೂರಿನ ದೇವಶಾಸ್ತ್ರ ವಿದ್ಯಾಲಯದ ಪ್ರಾಂಶುಪಾಲರಾಗಿದ್ದ ಅವರು 1971ರಿಂದ ಸುಮಾರು ಒಂದು ದಶಕ ಜಿನೀವಾದ ಚರ್ಚುಗಳ ಜಾಗತಿಕ ಮಂಡಳಿಯಲ್ಲಿ ಅನ್ಯಧರ್ಮೀಯರೊಡನೆ ಸಂವಾದ ನಡೆಸುವ ವಿಭಾಗವನ್ನು ಮುನ್ನಡೆಸಿದರು. 1987ರಲ್ಲಿ ಏಷ್ಯದ ಕ್ರೈಸ್ತರಿಗೆ ಬೇಕಾದ ಹೊಸ ವ್ಯಾಖ್ಯಾನ ವಿಧಾನವನ್ನು ಕುರಿತು, 1991ರಲ್ಲಿ 'ಒಬ್ಬ ಕ್ರಿಸ್ತ, ಹಲವು ಧರ್ಮಗಳು' ಎಂಬ ಅರ್ಥದ ಹೆಸರಿನಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ಪ್ರಕಟಿಸಿದರು. ತೀರಿಕೊಂಡದ್ದು 2001ರಲ್ಲಿ.

ಬೈಬಲ್ ಬರುವುದಕ್ಕೆ ಬಹು ಮುಂಚೆಯೇ ಧರ್ಮಗ್ರಂಥಗಳೂ ಅವನ್ನು ಅರ್ಥೈಸುವ ಶಾಸ್ತ್ರಗಳೂ ಇದ್ದ ನಾಡಿನಲ್ಲಿ ಕ್ರೈಸ್ತರು ಪಶ್ಚಿಮದ ವಿಧಾನಗಳನ್ನಷ್ಟೇ ಏಕೆ ನೆಚ್ಚಬೇಕೆಂಬುದು ಅವರ ಪ್ರಶ್ನೆ. ಸುವಾರ್ತೆಯ ಯೇಸು ದೇವರ ಕಡೆಗೆ ಮುಖಮಾಡಿದವನು, ಅವನ ಅನುಯಾಯಿಗಳ ದೃಷ್ಟಿಯೂ ದೇವಕೇಂದ್ರಿತವಾಗಿರಬೇಕು ಎಂದು ಅವರು ವಾದಿಸಿದರು. ಭಕ್ತಸಮುದಾಯವೊಂದು ತನ್ನ ನಿಷ್ಠೆಯನ್ನು ನಿವೇದಿಸುವ ಮಾತನ್ನು ಬೇರೆಯವರ ಮೇಲಿನ ತೀರ್ಪಾಗಿ ಓದುವುದು ಸರಿಯಲ್ಲವೆಂಬುದು ಅವರ ನಿಲುವು.

ಇದಕ್ಕೆ ಪರೀಕ್ಷೆಯಂತಿರುವುದು ಯೋಹಾನನ ಸುವಾರ್ತೆಯ 14ನೇ ಅಧ್ಯಾಯ. ತನ್ನ ಮೂಲಕವಲ್ಲದೆ ತಂದೆಯ ಬಳಿಗೆ ದಾರಿಯಿಲ್ಲವೆಂಬ ಯೇಸುವಿನ ಮಾತು ಅಲ್ಲಿದೆ. ಅದನ್ನು ಒಂಟಿಯಾಗಿ ಎತ್ತಿ ನಿಲ್ಲಿಸಿದರೆ ನೆರೆಮನೆಗಳ ಬಾಗಿಲುಗಳೆಲ್ಲ ಮುಚ್ಚಿದಂತೆ ಕೇಳುತ್ತದೆ. ತಾತ್ಪರ್ಯ ನಿರ್ಣಯಕ್ಕೆ ನಮ್ಮ ಶಾಸ್ತ್ರಜ್ಞರು ಹೇಳುವ 6 ಗುರುತುಗಳಲ್ಲಿ ಮೊದಲನೆಯದು ಉಪಕ್ರಮ ಮತ್ತು ಉಪಸಂಹಾರ, ಅಂದರೆ ಆರಂಭ ಮತ್ತು ಮುಕ್ತಾಯ. ಆ ಅಧ್ಯಾಯ ಆರಂಭವಾಗುವುದು ಕಳವಳಗೊಂಡ ಶಿಷ್ಯರನ್ನು ಸಂತೈಸುವುದರಿಂದ, ತಂದೆಯ ಮನೆಯಲ್ಲಿ ಬೇಕಾದಷ್ಟು ಬಿಡಾರಗಳಿವೆ ಎಂಬ ಭರವಸೆಯಿಂದ. ದಾರಿ ತಿಳಿಯದೆಂದು ತೋಮ ಎಂಬ ಶಿಷ್ಯ ಕೇಳಿದ್ದಕ್ಕೆ ಈ ಉತ್ತರ ಬರುತ್ತದೆ. ಅಲ್ಲಿ ಅನ್ಯಧರ್ಮೀಯರ ಗತಿಯೇನೆಂದು ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಆ ವಾಕ್ಯವನ್ನು ಉತ್ತರವಾಗಿಸಬೇಕಾದರೆ ಬೇರೆ ಆಧಾರ ತೋರಿಸಬೇಕಾಗುತ್ತದೆ.

ಆಧಾರವಿದೆ ಎನ್ನುವವರೂ ಇದ್ದಾರೆ. ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯದಲ್ಲಿ ರಕ್ಷಣೆಗೆ ಬೇರೆ ಹೆಸರಿಲ್ಲವೆಂಬ ಪೇತ್ರನ ಮಾತನ್ನು ಅವರು ಮುಂದಿಡುತ್ತಾರೆ. ಹೀಗೆ ಹಲವೆಡೆ ಬರುವ ಮಾತು ಮೀಮಾಂಸಕರ 'ಅಭ್ಯಾಸ'ವೆಂಬ ಗುರುತಿಗೆ ಸೇರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಮರ್ಥರು ಕ್ರಿಸ್ತನ ಅನನ್ಯತೆಯನ್ನು ತೆಳುವಾಗಿಸಿದರೆಂಬ ಆಕ್ಷೇಪ ಅವರ ಕಾಲದಲ್ಲೇ ಬಂತು. ವಾದ ಇಂದಿಗೂ ಮುಗಿದಿಲ್ಲ. ಆದರೆ ಎರಡೂ ಕಡೆಯವರು ಸಂದರ್ಭವನ್ನೂ ಆಧಾರವನ್ನೂ ತೋರಿಸಿ ವಾದಿಸಬೇಕಾಗಿ ಬಂದದ್ದು ಸಣ್ಣ ಲಾಭವಲ್ಲ.

ಬೇಲಿಯೊಳಗಿನ ತರ್ಕ

ತರ್ಕಕ್ಕೂ ಮಿತಿಯಿದೆ. ಶಾಸ್ತ್ರದ ಆಸರೆಯಿಲ್ಲದ ತರ್ಕ ಒಂದೆಡೆ ನಿಲ್ಲುವುದಿಲ್ಲ, ಒಬ್ಬ ಜಾಣ ಕಟ್ಟಿದ್ದನ್ನು ಇನ್ನೊಬ್ಬ ಜಾಣ ಕೆಡವುತ್ತಾನೆ ಎಂದು ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಎಚ್ಚರಿಸುತ್ತಾರೆ. ಅವರ ಮಾರ್ಗದಲ್ಲಿ ತರ್ಕವು ಶ್ರುತಿಯ ಸಹಾಯಕ. 11ನೇ ಶತಮಾನದ ಯುರೋಪಿನ ಸಂತ ಆನ್ಸೆಲ್ಮ್ ತನ್ನ ಕೆಲಸವನ್ನು ತಿಳಿವನ್ನು ಹುಡುಕುವ ನಂಬಿಕೆ ಎಂದು ಕರೆದ. ನಂಬಿಕೆಯನ್ನು ತರ್ಕ ಹುಟ್ಟಿಸಲಾರದು, ಆದರೆ ನಂಬಿಕೆಯ ಹೆಸರಿನಲ್ಲಿ ಬಾಯಿಗೆ ಬಂದದ್ದನ್ನು ಗ್ರಂಥದ ಬಾಯಲ್ಲಿ ಹಾಕುವವರನ್ನು ತಡೆಯಬಲ್ಲದು.

ಪ್ರಾರ್ಥನೆಯ ರೊಟ್ಟಿಯಲ್ಲೇ ಇದಕ್ಕೊಂದು ನಿದರ್ಶನವಿದೆ. ಆ ಪ್ರಾರ್ಥನೆಯನ್ನು ಒಬ್ಬನೇ ಕೋಣೆಯಲ್ಲಿ ಕುಳಿತು ಹೇಳಿದರೂ 'ನನಗೆ' ಎಂಬ ಪದ ಬರುವುದಿಲ್ಲ, 'ನಮಗೆ' ಎಂದೇ ಇದೆ. 3ನೇ ಶತಮಾನದಲ್ಲಿ ಉತ್ತರ ಆಫ್ರಿಕದ ಬಿಷಪ್ ಸಿಪ್ರಿಯನ್ ಈ ಬಹುವಚನವನ್ನು ಗಮನಿಸಿ, ಇಲ್ಲಿ ಯಾರೂ ತನಗೊಬ್ಬನಿಗಾಗಿ ಬೇಡುತ್ತಿಲ್ಲ ಎಂದು ವಿವರಿಸಿದ. ವ್ಯಾಕರಣದ ಈ ಸಣ್ಣ ಸಂಗತಿಯಿಂದ ತರ್ಕ ಇನ್ನೊಂದು ಹೆಜ್ಜೆ ಮುಂದೆ ಹೋಗಬಲ್ಲದು. ನಮಗೆಂದು ಬೇಡಿದ ಊಟ ಸಿಕ್ಕ ಮೇಲೆ ಅದು ನನ್ನೊಬ್ಬನದಾಗುವುದಿಲ್ಲ, ಹಸಿದ ಇನ್ನೊಬ್ಬನ ಪಾಲೂ ಅದರಲ್ಲಿರುತ್ತದೆ. ಹೊರನಾಡಿನ ಊಟದ ಪಂಕ್ತಿಯಲ್ಲಿ ಕುಳಿತವರಿಗೆ ಈ ತೀರ್ಮಾನ ಹೊಸದೆನಿಸಲಾರದು.