ಡಾಕ್ಟರ ಚೀಟಿ ನಂಬಬೇಕೇ?

ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬರುವ ಬಸ್ಸಿನಲ್ಲಿ ಈ ಮಾತು ಕಿವಿಗೆ ಬೀಳದೆ ಇರದು: "ಬಿ.ಪಿ. ಮಾತ್ರೆ ನಿಲ್ಲಿಸಿಬಿಟ್ಟೆ ಕಣ್ರೀ. ಮೈಗೆ ಏನೂ ಆಗಿಲ್ಲ. ಜೀವನಪೂರ್ತಿ ನುಂಗು ಅಂತಾರೆ, ಎಲ್ಲಾ ಕಮಿಷನ್ ವ್ಯವಹಾರ!"

ಕಮಿಷನ್ ಇಲ್ಲವೇ ಇಲ್ಲ ಎನ್ನಲಾರೆವು. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಕೊಡುವ ಡಾಕ್ಟರೂ "ಬಿಡಬೇಡಿ" ಅಂತಲೇ ಹೇಳುವುದು. ಅಲ್ಲಿ ಯಾವ ಕಮಿಷನ್? ಬಿ.ಪಿ. ಏರಿದರೆ ಬಹಳ ಸಲ ಮೈಗೆ ಗೊತ್ತೇ ಆಗುವುದಿಲ್ಲ. ಮಾತ್ರೆಯಿಂದ ಇಳಿದದ್ದನ್ನೇ ವಾಸಿಯಾಯಿತೆಂದು ತಿಳಿದು ಬಿಟ್ಟವರಿಗೆ, ಅದು ಮತ್ತೆ ಏರಿದ್ದು ಗೊತ್ತಾಗುವುದು ಲಕ್ವ ಹೊಡೆದ ದಿನ. ಕ್ಷಯದ ಮಾತ್ರೆ ನಡುವೆ ಬಿಟ್ಟರಂತೂ ರೋಗ ಮದ್ದಿಗೆ ಬಗ್ಗದಂತಾಗಿ ಮನೆಮಂದಿಗೂ ಅಂಟೀತು.

ಹಾಗಾದರೆ ಕಣ್ಣು ಮುಚ್ಚಿ ನಂಬಬೇಕೇ? ಬೇಡಿ, ಕೇಳಿ ನಂಬಿ. ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರಿಗೆ 2016ರಿಂದ ನಿಯಮವೇ ಇದೆ. "ಸಾರ್, ಇದು ಯಾತಕ್ಕೆ? ಎಷ್ಟು ದಿನ? ಜನೌಷಧಿ ಅಂಗಡೀದು ಆಗುತ್ತಾ?" ಅನ್ನಿ. ಈಗ ನುಂಗುತ್ತಿರುವ ಮಾತ್ರೆಗಳನ್ನೂ ತೋರಿಸಿ. ಸಮಾಧಾನವಾಗದಿದ್ದರೆ ಇನ್ನೊಬ್ಬ ಡಾಕ್ಟರನ್ನು ಕಾಣಿ, ತಾವೇ ಡಾಕ್ಟರಾಗಬೇಡಿ.

ಔಷಧದಂಗಡಿಯವರಿಗೂ ಒಂದು ಮಾತು. ಕ್ಷಯದ ಮದ್ದು, ಕೆಲವು ಆಂಟಿಬಯಾಟಿಕ್, ಕೆಲವು ನಿದ್ದೆಮಾತ್ರೆ ಮಾರಿದರೆ ರೋಗಿಯ, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕೆಂದು 2014ರಿಂದ ಕಾನೂನಿದೆ. ಹಿರಿಯೂರಿರಲಿ, ದುರ್ಗವಿರಲಿ, ಚೀಟಿಯಿಲ್ಲದೆ "ಎರಡು ಗುಳಿಗೆ ಕೊಡ್ರೀ" ಎಂದ ಗಿರಾಕಿಗೆ ಇಲ್ಲವೆನ್ನುವುದೇ ಉಪಕಾರ. ವ್ಯಾಪಾರ ನಾಳೆಯೂ ಆದೀತು, ಗಿರಾಕಿ ಉಳಿಯಬೇಕಲ್ಲ!