ಕೆಲಸಕ್ಕೆ ಸೇರಿ ಹತ್ತು ದಿನ, ಕೈ ಸುಟ್ಟಿದ್ದು ಹನ್ನೊಂದನೇ ದಿನ

ಬಿಜೂರು ಗೊತ್ತಲ್ಲ? ಕುಂದಾಪುರ ದಾಟಿ ಬೈಂದೂರಿಗೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಿಗುವ ಊರು. ಕೊಂಕಣ ರೈಲೂ ಇಲ್ಲೇ ಹಾದುಹೋಗುತ್ತೆ. ಈ ಭಾಗದ ಹುಡುಗರು ಬೆಂಗಳೂರು, ಮುಂಬೈ ಹೋಟೆಲುಗಳ ಕೆಲಸಕ್ಕೆ ಹೋಗೋದು ಇವತ್ತು ನಿನ್ನೆಯ ಮಾತಲ್ಲ, ತಲೆಮಾರುಗಳ ಕಥೆ. ಊರಲ್ಲೇ ಉಳಿದವರಿಗೆ ಗೇರುಬೀಜದ ಫ್ಯಾಕ್ಟರಿ ಇದೆ, ಮೀನುಗಾರಿಕೆ ಇದೆ, ಕಟ್ಟಡ ಕೆಲಸ ಇದೆ.

ಈಗ ಒಂದು ಉದಾಹರಣೆ ತಗೊಳ್ಳೋಣ. ಬಿಜೂರಿನ ಒಬ್ಬ ಹುಡುಗ ಬೆಂಗಳೂರಿನ ಹೋಟೆಲಿಗೆ ಸೇರಿದ ಅಂದುಕೊಳ್ಳಿ. ತಿಂಗಳಿಗೆ 15,000 ಸಂಬಳ. ಹನ್ನೊಂದನೇ ದಿನ ಬೆಳಿಗ್ಗೆ ವಡೆ ಕರಿಯುವಾಗ ಬಾಣಲೆಯ ಎಣ್ಣೆ ಬಲಗೈ ಮೇಲೆ ಚೆಲ್ಲಿತು. ನಲವತ್ತು ದಿನ ಕೆಲಸ ಮಾಡಬಾರದು ಅಂದರು ಡಾಕ್ಟರು. ಮ್ಯಾನೇಜರ್ ಹೇಳ್ತಾನೆ: "ಸೇರಿ ಹತ್ತು ದಿನ ಆಗಿದೆ, ನಿನಗೆಲ್ಲಿಯ ರಜೆ? ಊರಿಗೆ ಹೋಗಿ ವಾಸಿಯಾದ ಮೇಲೆ ಬಾ." ಮನೆಗೆ ಫೋನ್ ಮಾಡಿದರೆ ಅಮ್ಮ: "ಹೊಸ ಕೆಲ್ಸ ಮಗಾ, ರಜೆ ಕೇಂಡ್ರೆ ಕೆಲ್ಸ ಹೋತಿಲ್ಯಾ?"

ಇಬ್ಬರೂ ಮಾತಾಡ್ತಿರೋದು ರಜೆಯ ಬಗ್ಗೆ. ತಪ್ಪಾಗಿರೋದೇ ಅಲ್ಲಿ.

ರಜೆಯನ್ನು ದುಡಿದು ಗಳಿಸಬೇಕು, ನಿಜ. ಹಿಂದಿನ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದರೆ ಸಂಬಳದ ರಜೆ ಸಿಗ್ತಿತ್ತು; ಹೊಸ ಸಂಹಿತೆ ಅದನ್ನು 180ಕ್ಕೆ ಇಳಿಸಿದೆ. ಜ್ವರ, ಕಾಮಾಲೆ ಬಂದು ಮಲಗಿದರೆ ಇಎಸ್‌ಐ ಕೊಡುವ ಕಾಯಿಲೆ ಭತ್ಯೆಗೂ ಷರತ್ತಿದೆ: ಆರು ತಿಂಗಳ ಅವಧಿಯಲ್ಲಿ ಸಾಮಾನ್ಯವಾಗಿ 78 ದಿನದ ವಂತಿಗೆ ಕಟ್ಟಿರಬೇಕು. ಆಗ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ.

ಆದರೆ ಕೆಲಸದಿಂದ ಆದ ಗಾಯ ಇದೆಯಲ್ಲ, ಅದಕ್ಕೆ ಈ ಯಾವ ಲೆಕ್ಕವೂ ಇಲ್ಲ. 78 ದಿನ ಬೇಡ, 180 ದಿನ ಬೇಡ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕು ಇದೆ. ಇಎಸ್‌ಐ ಭಾಷೆಯಲ್ಲಿ ಇದರ ಹೆಸರು ತಾತ್ಕಾಲಿಕ ಅಂಗವೈಕಲ್ಯ ಭತ್ಯೆ. ಸಂಬಳದ ಶೇ. 90. ಎಷ್ಟು ದಿನ? ಕೆಲಸ ಮಾಡೋಕೆ ಆಗಲ್ಲ ಅಂತ ಇಎಸ್‌ಐ ವೈದ್ಯರು ಬರೆದುಕೊಡುವಷ್ಟು ದಿನ. ಗಾಯವಾದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ತಪ್ಪಿರಬೇಕು, ಅಷ್ಟೇ.

ನಮ್ಮ ಹುಡುಗನ ಲೆಕ್ಕ ಹಾಕಿ. ದಿನಕ್ಕೆ 500 ರೂಪಾಯಿ, ಅದರ ಶೇ. 90 ಅಂದರೆ 450. ನಲವತ್ತು ದಿನಕ್ಕೆ 18,000. ಇದು ಮಾಲೀಕರ ಜೇಬಿನಿಂದ ಹೋಗೋದಿಲ್ಲ ಸ್ವಾಮಿ, ಇಎಸ್‌ಐ ನಿಗಮದ ನಿಧಿಯಿಂದ ಬರುತ್ತೆ. ತಿಂಗಳಿಗೆ 21,000ದವರೆಗೆ ಸಂಬಳ ಇರುವ ಪ್ರತಿಯೊಬ್ಬರ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ಈ ನಿಧಿಗೆ ಹೋಗಬೇಕು. 15,000ಕ್ಕೆ ಹುಡುಗನದ್ದು 112 ರೂಪಾಯಿ ಚಿಲ್ಲರೆ, ಮಾಲೀಕರದ್ದು 487 ರೂಪಾಯಿ ಚಿಲ್ಲರೆ. ಇಷ್ಟು ಕಟ್ಟಿದ ಮಾಲೀಕರಿಗೆ ಹುಡುಗನ ಗಾಯವನ್ನು ಮುಚ್ಚಿಡುವ ಅಗತ್ಯವೇ ಇಲ್ಲ.

ಹಾಗಾದ್ರೆ ಯಾಕೆ ಮುಚ್ಚಿಡ್ತಾರೆ? ಬಹಳಷ್ಟು ಸಲ ಕಾರಣ ಒಂದೇ: ಹುಡುಗನ ಹೆಸರನ್ನು ಇಎಸ್‌ಐಗೆ ಹಾಕಿಯೇ ಇರೋದಿಲ್ಲ. "ಮೂರು ತಿಂಗಳು ನೋಡೋಣ, ನಿಂತರೆ ಹಾಕೋಣ" ಅನ್ನೋ ಪದ್ಧತಿ. ಇದು ಕಾನೂನಿನಲ್ಲಿ ಇಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಹೋಟೆಲು, ಅಂಗಡಿ, ಫ್ಯಾಕ್ಟರಿಯಲ್ಲಿ ಮೊದಲ ದಿನದಿಂದಲೇ ಹೆಸರು ಹಾಕಬೇಕು. ಹಾಕದೇ ಇದ್ದಾಗ ಗಾಯವಾದರೆ? ಭಾರಗತ್ ಎಂಜಿನಿಯರಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಪ್ರಶ್ನೆ ಹೆಚ್ಚೂಕಡಿಮೆ ಇದೇ. ಅಪಘಾತಕ್ಕೆ ಮೊದಲು ನೋಂದಣಿ ಆಗಿರಲಿಲ್ಲ, ಹಾಗಾಗಿ ಕೊಡೋದಿಲ್ಲ ಅನ್ನೋದು ನಿಗಮದ ವಾದ. ಕೋರ್ಟ್ ಒಪ್ಪಲಿಲ್ಲ. ವಂತಿಗೆ ಕಟ್ಟಿದ್ದರೂ ಕಟ್ಟದಿದ್ದರೂ ಆ ನೌಕರ ವಿಮೆಗೆ ಒಳಪಟ್ಟವನೇ ಅಂದಿತು. ಮಾಲೀಕರು ಕಟ್ಟದೆ ಬಿಟ್ಟ ಹಣವನ್ನು ವಸೂಲಿ ಮಾಡೋದು ನಿಗಮದ ಕೆಲಸ. ಗಾಯಾಳುವಿನ ತಲೆನೋವು ಅಲ್ಲ.

ಸರಿ, ಊರಿಗೆ ಬನ್ನಿ. ಬಿಜೂರಿನಲ್ಲಿ ಮನೆ ಕಟ್ಟುವ ಮೇಸ್ತ್ರಿ ಹತ್ತಿರ ಐದು ಜನ. ಇಲ್ಲಿ ಇಎಸ್‌ಐ ಇಲ್ಲ. ಹಾಗಂತ ಕಾನೂನೇ ಇಲ್ಲ ಅಂತಲ್ಲ. 1923ರಲ್ಲೇ, ಬ್ರಿಟಿಷರ ಕಾಲದಲ್ಲೇ, ಕಾರ್ಮಿಕ ನಷ್ಟಪರಿಹಾರ ಕಾಯ್ದೆ ಬಂತು. ಆ ಕಾಯ್ದೆ ಮತ್ತು 1948ರ ಇಎಸ್‌ಐ ಕಾಯ್ದೆ, ಎರಡನ್ನೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಲಾಗಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಪುಸ್ತಕದ ಹೆಸರು ಬದಲಾಯ್ತು, ತಿರುಳು ಹಾಗೇ ಇದೆ.

ಇಎಸ್‌ಐ ಇಲ್ಲದ ಕಡೆ ಹೊಣೆ ನೇರವಾಗಿ ಕೆಲಸ ಕೊಟ್ಟವರದು. ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25. ಅಂದರೆ 15,000 ಸಂಬಳಕ್ಕೆ ಪ್ರತಿ ಹದಿನೈದು ದಿನಕ್ಕೆ 3,750. ಕೆಲಸ ತಪ್ಪಿದ್ದು 28 ದಿನ ಅಥವಾ ಹೆಚ್ಚಾದರೆ ಗಾಯವಾದ ದಿನದಿಂದಲೇ ಲೆಕ್ಕ; ಕಡಿಮೆಯಾದರೆ ಮೊದಲ ಮೂರು ದಿನ ಬಿಟ್ಟು. ಇದರ ಮೇಲೆ ಆಸ್ಪತ್ರೆ ಖರ್ಚು ಬೇರೆ. ಇಲ್ಲೂ "ಎಷ್ಟು ದಿನದಿಂದ ಕೆಲಸದಲ್ಲಿದ್ದೀಯ?" ಅನ್ನೋ ಪ್ರಶ್ನೆ ಇಲ್ಲ. ಮಧ್ಯೆ ಕಂಟ್ರಾಕ್ಟರ್ ಇದ್ದಾನೆ ಅನ್ನೋ ನೆಪವೂ ಸುಲಭಕ್ಕೆ ನಡೆಯಲ್ಲ. ತನ್ನ ವ್ಯವಹಾರದ ಕೆಲಸವನ್ನೇ ಕಂಟ್ರಾಕ್ಟಿಗೆ ಕೊಟ್ಟ ಮೂಲ ಮಾಲೀಕರನ್ನೂ ಕೇಳಬಹುದು.

ಒಂದು ಎಚ್ಚರಿಕೆ. ಇಎಸ್‌ಐ ಇಲ್ಲದ ಕಡೆ, ಕುಡಿದು ಕೆಲಸ ಮಾಡುವಾಗ ಆದ ಗಾಯಕ್ಕೆ, ಅಥವಾ ಸುರಕ್ಷತಾ ಸಾಧನವನ್ನು ಬೇಕಂತಲೇ ತೆಗೆದುಹಾಕಿ ಮಾಡಿಕೊಂಡ ಗಾಯಕ್ಕೆ ಮಾಲೀಕರು ಹೊಣೆಯಲ್ಲ ಅನ್ನಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಾಗ ಆ ವಾದ ನಿಲ್ಲೋದಿಲ್ಲ. ಬರೀ ಅಜಾಗರೂಕತೆ, ಕೈ ಜಾರಿದ್ದು, ಇದರಿಂದ ಹಕ್ಕು ತಪ್ಪೋದಿಲ್ಲ.

ಇನ್ನು ದಾರಿಯ ವಿಷಯ. ಹೆದ್ದಾರಿ ಪಕ್ಕದ ಊರಿನವರು ಇದನ್ನು ಗಮನ ಇಟ್ಟು ಓದಬೇಕು. ಕೆಲಸಕ್ಕೆ ಹೋಗುವಾಗ ಬೈಕಿಗೆ ಲಾರಿ ತಾಗಿದರೆ ಅದು ಕೆಲಸದ ಗಾಯವೇ? ಕೇರಳದ ಫ್ರಾನ್ಸಿಸ್ ಡಿ ಕೋಸ್ಟಾ ಪ್ರಕರಣದಲ್ಲಿ, ಫ್ಯಾಕ್ಟರಿಗೆ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಸೈಕಲಿಗೆ ಲಾರಿ ಬಡಿದಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಅಲ್ಲ ಅಂದಿತು. 2010ರಲ್ಲಿ ಸಂಸತ್ತು ಇಎಸ್‌ಐ ಕಾಯ್ದೆಗೆ ತಿದ್ದುಪಡಿ ತಂದು ಹೌದು ಅಂದಿತು. ಈಗಿನ ಸಂಹಿತೆಯಲ್ಲಿ ಇಎಸ್‌ಐ ಇಲ್ಲದವರಿಗೂ ಆ ರಕ್ಷಣೆ ಇದೆ. ಅಪಘಾತದ ಹೊತ್ತು, ಜಾಗ, ಕೆಲಸ, ಮೂರಕ್ಕೂ ನಂಟಿದೆ ಅಂತ ತೋರಿಸಬೇಕು.

ಹಕ್ಕು ಇದ್ದರೆ ಸಾಲದು, ಕೈಯಲ್ಲಿ ಕಾಗದ ಇರಬೇಕು. ಗಾಯವಾದ ಕೂಡಲೇ ಮೇಲಿನವರಿಗೆ ತಿಳಿಸಿ. ಬಾಯಲ್ಲಿ ಹೇಳಿದ ಮೇಲೆ ವಾಟ್ಸಾಪ್‌ನಲ್ಲೂ ಒಂದು ಸಾಲು ಹಾಕಿ. ಅಪಘಾತದ ಪುಸ್ತಕದಲ್ಲಿ ಬರೆಸಿ, ಇಎಸ್‌ಐಗೆ ಅಪಘಾತ ವರದಿ ಕಳಿಸೋಕೆ ಹೇಳಿ. ಆಸ್ಪತ್ರೆಯ ಚೀಟಿಯಲ್ಲಿ "ಕೆಲಸ ಮಾಡುವಾಗ ಆದ ಗಾಯ" ಅಂತ ಬರೆದಿದ್ದಾರಾ ನೋಡಿ. "ಮನೆಯಲ್ಲಿ ಬಿದ್ದೆ ಅಂತ ಹೇಳು, ಖರ್ಚು ನಾನು ನೋಡ್ಕೋತೀನಿ" ಅನ್ನೋ ಮಾತಿಗೆ ಒಪ್ಪಬೇಡಿ. ಆ ಒಂದು ಸುಳ್ಳು ಶೇ. 90ರ ಹಕ್ಕನ್ನು ನುಂಗಿಬಿಡುತ್ತೆ. ಎರಡು ಸಾವಿರ ಕೊಟ್ಟು "ಇನ್ನೇನೂ ಕೇಳಲ್ಲ" ಅಂತ ಸಹಿ ಹಾಕಿಸಿಕೊಂಡರೆ, ಪರಿಹಾರದ ಹಕ್ಕನ್ನೇ ಬಿಟ್ಟುಕೊಡುವ ಅಂಥ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ.

ಕೊನೆಗೆ ಆ ಅಮ್ಮನ ಪ್ರಶ್ನೆ. ಕೆಲಸ ಹೋಗಲ್ವಾ? ಹೋಗಬಹುದು, ಸುಳ್ಳು ಹೇಳೋದಿಲ್ಲ. ಆದರೆ ಕೆಲಸ ಹೋದ ಮಾತ್ರಕ್ಕೆ ಈ ಭತ್ಯೆ ನಿಲ್ಲೋದಿಲ್ಲ, ಕೈ ವಾಸಿಯಾಗುವವರೆಗೆ ಬರುತ್ತೆ. ಕೆಲಸ ಇನ್ನೊಂದು ಹೋಟೆಲಿನಲ್ಲಿ ಸಿಕ್ಕೀತು. ಬಲಗೈ ಇನ್ನೊಂದು ಎಲ್ಲಿ ಸಿಗುತ್ತೆ? ಅರೆವಾಸಿ ಕೈಯಲ್ಲಿ ಮತ್ತೆ ಬಾಣಲೆ ಮುಂದೆ ನಿಲ್ಲುವ ಮೊದಲು, ಅಮ್ಮಂದಿರೇ, ಮಗನಿಗೆ ಒಂದು ಮಾತು ಹೇಳಿ: ರಜೆ ಕೇಳಬೇಡ, ಇಎಸ್‌ಐ ನಂಬರ್ ಕೇಳು. ಅದನ್ನು ಗಾಯವಾದ ಮೇಲಲ್ಲ, ಸೇರಿದ ದಿನವೇ ಕೇಳು.